ದಿಡ್ಡಿ ಬಾಗಿಲಿಂದ ಬಂದವರು

ಗದಗಿನ ಕಡೆ ಒಂದು ಹಳ್ಳಿಯಲ್ಲಿ ನಮ್ಮಜ್ಜಿಯ ತವರಿನ ವಾಡೆ ಇನ್ನೂ ನಿಂತಿದೆ. ಮುಂದೆ ಹೇರಿದ ಬಂಡಿ ಹಾಯುವಷ್ಟು ಅಗಲದ ಬಾಗಿಲು. ಹಿತ್ತಲ ಕಡೆ ತಲೆ ತಗ್ಗಿಸಿ ದಾಟಬೇಕಾದ ದಿಡ್ಡಿ ಬಾಗಿಲು. ಮುಂದಿನದು ಗಂಡಸರದು, ದಿಡ್ಡಿ ಹೆಣ್ಣುಮಕ್ಕಳದು. ಹೊರಗಿನಿಂದ ಒಳಮನೆಗೆ ಬರುವವರೆಲ್ಲ ದಿಡ್ಡಿಯಿಂದಲೇ ಬರಬೇಕು: ಸೂಲಗಿತ್ತಿ, ನೀರು ತುಂಬುವಾಕಿ, ಬಳೆಗಾರ. ಪರಗಂಡಸರ ಪೈಕಿ ವಾಡೆಯ ಸೊಸೆಯಂದಿರ ಕೈ ಹಿಡಿಯುವ ಹಕ್ಕು ಇದ್ದದ್ದು ಬಳೆಗಾರನಿಗೊಬ್ಬನಿಗೇ ಎಂದು ಅಜ್ಜಿ ನಗುತ್ತಿದ್ದಳು. ಆಮೇಲೆ ಒಂದು ಮಾತು ಸೇರಿಸುತ್ತಿದ್ದಳು: “ಪಾದ್ರಿ ಬಾಯಾರೂ ಹಿಂಗಽ ಬರತಿದ್ರಂತ. ಜೋಡಿ ನಮ್ಮ ಕಡೀದಾಕಿ ಒಬ್ಬಾಕಿ ಇರತಿದ್ಲಂತ, ಪುಸ್ತಕದ ಗಂಟು ಹಿಡಕೊಂಡು.”

ಅಜ್ಜಿ ಕಣ್ಣಾರೆ ಕಂಡದ್ದಲ್ಲ, ಅವಳವ್ವನ ಬಾಯಿಂದ ಕೇಳಿದ್ದು. ನನಗೆ ಬಹಳ ದಿನ ಆ ಪಾದ್ರಿ ಬಾಯಿಯ ಮೇಲೇ ಕುತೂಹಲ ಇತ್ತು. ಸಮುದ್ರ ದಾಟಿ ಬಂದ ಹೆಂಗಸು, ಬಿಸಿಲಿಗೆ ಟೊಪ್ಪಿಗೆ, ಕಾಲಿಗೆ ಬೂಟು. ಕಥೆಗೆ ಬೇಕಾದ್ದೆಲ್ಲ ಅಲ್ಲಿದೆ. ಗಂಟು ಹಿಡಿದುಕೊಂಡು ಹಿಂದೆ ಬಂದವಳ ಕಡೆಗೆ ಗಮನ ಹೋಗಿದ್ದು ತಡವಾಗಿ.

ಒಳಮನೆ ಬಿಟ್ಟು ಹೊರಗೆ ಬಾರದ ಹೆಂಗಸರ ಬಳಿಗೆ ಕ್ರಿಸ್ತನ ಸುವಾರ್ತೆ ಒಯ್ಯುವ ಕೆಲಸಕ್ಕೆ 19ನೆಯ ಶತಮಾನದಲ್ಲಿ ಇಟ್ಟ ಹೆಸರು ಜನಾನಾ ಮಿಷನ್. ಜನಾನಾ ಫಾರಸಿ ಮಾತು. ‘ಜನ್’ ಎಂದರೆ ಹೆಣ್ಣು. ನಮ್ಮ ಕಡೆ ಅದಕ್ಕಿಂತ ಹೆಚ್ಚು ಬಳಕೆಯಲ್ಲಿದ್ದದ್ದು ಗೋಷಾ. ಅದೂ ಫಾರಸಿಯೇ, ಅರ್ಥ ‘ಮೂಲೆ’. ಗೋಷಾದವಳು ಎಂದರೆ ಮೂಲೆಯಲ್ಲಿ ಕೂತವಳು. ಕನ್ನಡದಲ್ಲಿ ಗಂಡ ಸತ್ತವಳಿಗೂ ‘ಮೂಲಿ ಹಿಡದಳು’ ಎನ್ನುವುದನ್ನು ನೆನೆದರೆ ಎರಡು ಭಾಷೆ ಒಂದೇ ಮೂಲೆಯನ್ನು ತೋರಿಸುತ್ತಿವೆ ಅನ್ನಿಸುತ್ತದೆ.

ಈ ಕೆಲಸ ಹುಟ್ಟಿದ್ದು ಧಾರವಾಡದಲ್ಲಲ್ಲ, ಕಲಕತ್ತೆಯಲ್ಲಿ. ಅಲ್ಲಿನ ಮಿಷನರಿಗಳು ಗಂಡುಹುಡುಗರಿಗೆ ಇಂಗ್ಲಿಷ್ ಶಾಲೆ ತೆರೆದಿದ್ದರು. ಮೇಲ್ಜಾತಿಯ ಮನೆಯವರು ಮಗನನ್ನು ಕಳಿಸುತ್ತಿದ್ದರು, ಮಗಳನ್ನು ಕಳಿಸುತ್ತಿರಲಿಲ್ಲ. ಹುಡುಗಿ ಶಾಲೆಗೆ ಬಾರದಿದ್ದರೆ ಶಾಲೆಯೇ ಅವಳ ಮನೆಗೆ ಹೋಗಲಿ ಎಂಬ ಸೂಚನೆಯನ್ನು 1840ರಲ್ಲಿ ಥಾಮಸ್ ಸ್ಮಿತ್ ಎಂಬ ಸ್ಕಾಟಿಷ್ ಪಾದ್ರಿ ಬರೆದು ಪ್ರಕಟಿಸಿದ. ಹದಿನೈದು ವರ್ಷ ಅದು ಕಾಗದದ ಮೇಲೆಯೇ ಉಳಿಯಿತು. 1854–55ರಲ್ಲಿ ಜಾನ್ ಫೋರ್ಡೈಸ್ ಅದನ್ನು ಕೈಗೆತ್ತಿಕೊಂಡು, ಮಿಸ್ ಟೂಗುಡ್ ಎಂಬ ಶಿಕ್ಷಕಿಯನ್ನು ಬಂಗಾಳಿ ಮನೆಗಳಿಗೆ ಕಳಿಸತೊಡಗಿದ.

ಅದೇ ಕಾಲದ ಇನ್ನೊಂದು ಪ್ರಸಂಗವನ್ನು ಮಿಷನ್ನಿನವರು ಮತ್ತೆ ಮತ್ತೆ ಹೇಳುತ್ತ ಬಂದಿದ್ದಾರೆ. ಹನ್ನಾ ಮುಲ್ಲೆನ್ಸ್ ಎಂಬಾಕೆ ಕಲಕತ್ತೆಯಲ್ಲೇ ಹುಟ್ಟಿ ಬೆಳೆದು ಬಂಗಾಳಿಯನ್ನು ನೀರು ಕುಡಿದಂತೆ ಆಡುತ್ತಿದ್ದವಳು. ಒಂದು ದಿನ ಮನೆಯಲ್ಲಿ ಕೂತು ಕಾಲಿಗೆ ಮೆಟ್ಟುವ ಜೋಡಿಗೆ ಕಸೂತಿ ಹಾಕುತ್ತಿದ್ದಳಂತೆ. ಮನೆಗೆ ಬಂದ ಬಂಗಾಳಿ ಗೃಹಸ್ಥನೊಬ್ಬ ಅದನ್ನು ನೋಡಿ, ನನ್ನ ಹೆಂಡತಿಗೂ ಇದನ್ನು ಕಲಿಸಬಹುದಲ್ಲ ಎಂದ. ಮುಲ್ಲೆನ್ಸ್ ಸೂಜಿ ದಾರ ತೆಗೆದುಕೊಂಡು ಹೋದಳು, ಜೊತೆಗೆ ಪುಸ್ತಕವನ್ನೂ ಒಯ್ದಳು. 1861ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲೇ, ತೀರಿಕೊಂಡಳು. ಅಷ್ಟರಲ್ಲಿ ಸೂಜಿಯೇ ಒಳಮನೆಯ ಕೀಲಿಕೈ ಎಂಬುದು ಎಲ್ಲರಿಗೂ ಗೊತ್ತಾಗಿತ್ತು.

ಗಂಡಂದಿರು ಬಾಗಿಲು ತೆರೆದದ್ದೇಕೆ? ಇಂಗ್ಲಿಷ್ ಓದಿ ಕಚೇರಿ ಸೇರಿದವನಿಗೆ ಓದು ಬಲ್ಲ ಹೆಂಡತಿ ಬೇಕಿತ್ತು. ಅವಳು ಹೊಸ್ತಿಲು ದಾಟುವುದು ಬೇಡವಾಗಿತ್ತು. ಮನೆಗೇ ಬರುವ ಟೀಚರಮ್ಮ ಇವೆರಡನ್ನೂ ಒಮ್ಮೆಗೇ ಪೂರೈಸುತ್ತಿದ್ದಳು. ಜನಾನಾ ಮಿಷನ್ ಗೋಷಾವನ್ನು ಒಡೆಯಿತು ಎನ್ನುವವರಿದ್ದಾರೆ. ಮೊದಲ ಐವತ್ತು ವರ್ಷ ಅದು ಗೋಷಾಕ್ಕೆ ಅನುಕೂಲವನ್ನೇ ಮಾಡಿಕೊಟ್ಟಿತು ಎಂದು ನನಗೆ ಅನ್ನಿಸುತ್ತದೆ. ಹೊರಗೆ ಹೋಗದೆಯೇ ಓದಲು ಬರುವಂತಾದ ಮೇಲೆ ಹೊರಗೆ ಹೋಗುವ ಹಟಕ್ಕೆ ಕಾರಣವಾದರೂ ಏನು ಉಳಿಯಿತು?

ಲಂಡನ್ನಿನಲ್ಲಿ ಈ ಕೆಲಸಕ್ಕೆಂದೇ ಸಂಘಗಳು ಕಟ್ಟಿಕೊಂಡವು. 1852ರಲ್ಲಿ ಶುರುವಾದ ಸಂಘವೊಂದು 1880ರಲ್ಲಿ ಒಡೆದು ಎರಡಾಯಿತು. ಒಂದು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯವರದು, ಇನ್ನೊಂದು ಎಲ್ಲ ಪಂಗಡದವರೂ ಸೇರಿದ್ದು. ಎರಡನೆಯದು ವೈದ್ಯಕೀಯವನ್ನು ತನ್ನ ಹೆಸರಿನಲ್ಲೇ ಸೇರಿಸಿಕೊಂಡಿತು. ಕೂಡಿಸಿದ ಚಂದಾದಲ್ಲಿ ಮದುವೆಯಾಗದ ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿ ಇಲ್ಲಿಗೆ ಕಳಿಸುತ್ತಿದ್ದರು. ಚಂದಾ ಎತ್ತುವುದಕ್ಕೆ ಕಥೆ ಬೇಕು, ಕಥೆಗೆ ಕತ್ತಲೆ ಬೇಕು. ಹೀಗಾಗಿ ಅವರ ಪತ್ರಿಕೆಗಳಲ್ಲಿ ಇಂಡಿಯಾದ ಒಳಮನೆಗೆ ಕಿಟಕಿ ಇರುವುದೇ ಅಪರೂಪ. ಆ ಬರಹಗಳನ್ನು ಓದಿದರೆ ಇಡೀ ದೇಶದ ಹೆಂಗಸರು ಒಂದೇ ಕೋಣೆಯಲ್ಲಿ ಕೂತು ನಿಟ್ಟುಸಿರು ಬಿಡುತ್ತಿದ್ದರೇನೋ ಎನಿಸಬೇಕು.

ನಮ್ಮ ಸೀಮೆಯಲ್ಲಿ ಕೆಲಸಕ್ಕೆ ಇಳಿದದ್ದು ಆ ಲಂಡನ್ ಸಂಘಗಳಲ್ಲ. ಇಲ್ಲಿಗೆ ಬಂದದ್ದು ಬಾಸೆಲ್ ಮಿಷನ್. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿ, 1834ರಲ್ಲಿ ಮಂಗಳೂರಿಗೆ ಕಾಲಿಟ್ಟು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರ ಹೊತ್ತಿಗೆ ಬೆಟಗೇರಿ ಎಂದು ಘಟ್ಟದ ಮೇಲೆ ಬೀಡು ಬಿಟ್ಟಿತು. ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳು. ಅದಕ್ಕೇ ಇಂದಿಗೂ ನಮ್ಮವರ ಬಾಯಲ್ಲಿ ಅದು ಜರ್ಮನ್ ಮಿಷನ್.

ಅವರು ಸಂತೆಯಲ್ಲಿ ನಿಂತು ಬೋಧಿಸಿದರು, ಜಾತ್ರೆಯಲ್ಲಿ ಪುಸ್ತಕ ಮಾರಿದರು. ಎದುರಿಗೆ ನೆರೆದವರು ಗಂಡಸರು, ಇಲ್ಲವೆ ಬುಟ್ಟಿ ಹೊತ್ತು ಮಾರಲು ಬಂದ ಹೆಣ್ಣುಮಕ್ಕಳು. ದೊಡ್ಡ ಮನೆಯವರ ಹೆಂಗಸರಿಗೂ ಪಾದ್ರಿಗೂ ನಡುವೆ ಒಂದು ಗೋಡೆ. ಅದನ್ನು ದಾಟಲು ಹೆಣ್ಣೇ ಬೇಕಿತ್ತು. ಆದರೆ ಬಾಸೆಲ್ಲಿನವರ ಕಟ್ಟಳೆ ವಿಚಿತ್ರ: ಮಿಷನರಿ ಬರುವಾಗ ಒಂಟಿಯಾಗಿ ಬರಬೇಕು, ಕೆಲವು ವರ್ಷ ದುಡಿದ ಮೇಲೆ ಮದುವೆಗೆ ಮೇಲಿನ ಸಮಿತಿಯ ಅಪ್ಪಣೆ ಕೇಳಬೇಕು. ಅಪ್ಪಣೆ ಸಿಕ್ಕಿದರೆ ಊರಿಂದ ಹೆಣ್ಣು ಹಡಗಿನಲ್ಲಿ ಬರುತ್ತಿತ್ತು. ಎಷ್ಟೋ ಸಲ ವಧು ವರರು ಒಬ್ಬರನ್ನೊಬ್ಬರು ಮೊದಲು ನೋಡಿದ್ದು ಇಲ್ಲಿ ಇಳಿದ ಮೇಲೆ. ಹಿರಿಯರು ಗೊತ್ತು ಮಾಡಿದ, ಮುಖ ನೋಡದ ಮದುವೆಯಾಗಿ ಬಂದ ಈ ಹೆಣ್ಣು, ಅಂಥದೇ ಮದುವೆಯಾಗಿ ವಾಡೆ ಸೇರಿದ ನಮ್ಮ ಹೆಣ್ಣನ್ನು ‘ಬಿಡುಗಡೆ’ ಮಾಡಲು ಹೊರಟದ್ದರಲ್ಲಿ ಒಂದು ತಮಾಷೆ ಇದೆ. ಇಬ್ಬರೂ ಕೂತು ಮನಸ್ಸು ಬಿಚ್ಚಿ ಮಾತಾಡಿದ್ದರೆ ಯಾರು ಯಾರಿಗೆ ಸಮಾಧಾನ ಹೇಳುತ್ತಿದ್ದರೋ.

ಈ ದೊರೆಸಾನಿಯರು ಇಂಗ್ಲಿಷ್ ಕಲೆಕ್ಟರನ ಹೆಂಡತಿಯಂತೆ ಪಂಖಾದ ಕೆಳಗೆ ಕೂತವರಲ್ಲ. ಮನೆಯಲ್ಲಿ ಬೋರ್ಡಿಂಗಿನ ಹುಡುಗಿಯರಿಗೆ ಹೊಲಿಗೆ, ಓದು, ಅಡಿಗೆ ಹೇಳಿಕೊಡಬೇಕು; ರೋಗಿಗಳಿಗೆ ಔಷಧ ಕೊಡಬೇಕು; ವರ್ಷ ಎರಡು ವರ್ಷಕ್ಕೊಂದು ಹೆರಿಗೆ. ಅದರ ನಡುವೆ ಮನೆಭೇಟಿ. 1840ರ ದಶಕದಿಂದಲೇ ಬಾಸೆಲ್ಲಿನ ಹೆಂಗಸರ ಸಮಿತಿಯೊಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆಂದು ದುಡ್ಡು ಕೂಡಿಸಿ ಕಳಿಸುತ್ತಿತ್ತು. ಮದುವೆಯಾಗದ ಸಿಸ್ಟರ್‌ಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಮಾತ್ರ 20ನೆಯ ಶತಮಾನ ಹುಟ್ಟಿದ ಮೇಲೆ.

ಅವರು ಹುಡುಕಿಕೊಂಡು ಬಂದ ಆ ಪರದೆಯ ಹೆಂಗಸು ನಮ್ಮಲ್ಲಿ ಎಷ್ಟು ಜನ ಇದ್ದರು? ಬಂಗಾಳವನ್ನೋ ಲಖನೌವನ್ನೋ ಕಣ್ಣ ಮುಂದೆ ಇಟ್ಟುಕೊಂಡು ಹುಬ್ಬಳ್ಳಿಯನ್ನು ನೋಡಿದರೆ ಲೆಕ್ಕ ತಪ್ಪುತ್ತದೆ. ಬಂಗಾಳದ ಅರ್ಥದ ಗೋಷಾ ಇದ್ದದ್ದು ಕೆಲವೇ ಕಡೆ. ಸವಣೂರಿನ ನವಾಬರ ಮನೆತನ ಮತ್ತು ಅದರ ಸುತ್ತಿನ ಸರದಾರರು. ಅದು 1948ರವರೆಗೆ ಉಳಿದಿದ್ದ ಪುಟ್ಟ ಸಂಸ್ಥಾನ, ಈಗ ಹಾವೇರಿ ಜಿಲ್ಲೆಯ ತಾಲ್ಲೂಕು. ಹುಬ್ಬಳ್ಳಿಯ ಉಳ್ಳವರಾದ ಮುಸಲ್ಮಾನ ವ್ಯಾಪಾರಿಗಳ ಮನೆಗಳು. ಕೆಲವು ದೇಸಾಯಿ, ದೇಶಪಾಂಡೆ, ಮರಾಠಾ ಇನಾಮದಾರರ ವಾಡೆಗಳು. ಅಷ್ಟೇ. ಉಳಿದಂತೆ ನಮ್ಮ ಹೆಣ್ಣುಮಕ್ಕಳು ತಲೆಯ ಮೇಲೆ ಸೆರಗು ಹೊದ್ದು ಹೊಲಕ್ಕೂ ಹೋಗುತ್ತಿದ್ದರು, ಸಂತೆಗೂ ಹೋಗುತ್ತಿದ್ದರು. ಸೆರಗು ಹೊದ್ದದ್ದು ಹಿರಿಯರ ಮರ್ಯಾದೆಗೆ, ಬಿಸಿಲಿಗೂ ಹೌದು. ಹೊಸದಾಗಿ ಬಂದವರ ಕಣ್ಣಿಗೆ ಅದೂ ಪರದೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಹತ್ತಿಯ ಸಂಗತಿಯನ್ನೂ ಇಲ್ಲಿ ಹೇಳಬೇಕು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಗಿ, ಧಾರವಾಡ, ಗದಗ, ಹುಬ್ಬಳ್ಳಿ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಹತ್ತಿ ಬಿಡಿಸಿದ್ದು ಹೆಂಗಸರ ಕೈ. ಆದರೆ ಮನೆಗೆ ನಾಲ್ಕು ಕಾಸು ಬಂದ ಕೂಡಲೇ ಮೊದಲು ಆಗುವುದೆಂದರೆ ಆ ಮನೆಯ ಹೆಣ್ಣು ಹೊಲ ಬಿಡುವುದು. ‘ನಮ್ಮ ಮನಿ ಹೆಣ್ಣಮಕ್ಕಳು ಹೊಲಕ್ಕ ಹೋಗೂದಿಲ್ಲ’ ಎನ್ನುವ ದೊಡ್ಡಸ್ತಿಕೆಯ ಮಾತು ನಮ್ಮ ಕಡೆ ಇವತ್ತಿಗೂ ಕೇಳುತ್ತದೆ. ಹಳೆಯ ಸಂಪ್ರದಾಯ ಎಂದುಕೊಂಡದ್ದರಲ್ಲಿ ಎಷ್ಟೋ ಹೊಸ ದುಡ್ಡಿನ ಕೂಸು.

ಇನ್ನೊಂದು ಮೂಲೆ ಇತ್ತು, ಅದಕ್ಕೆ ಗೋಷಾ ಎಂಬ ಹೆಸರಿರಲಿಲ್ಲ. ಬ್ರಾಹ್ಮಣರ ಮನೆಯ ವಿಧವೆ. ಹತ್ತೋ ಹನ್ನೆರಡೋ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಮೈನೆರೆದ ಮೇಲೆ ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ಮಡಿ ಹೆಂಗಸಾಗಿ ಅಡಿಗೆಮನೆಗೂ ದೇವರಮನೆಗೂ ನಡುವೆ ಓಡಾಡಿಕೊಂಡಿದ್ದವಳು. ಅವಳು ಯಾರಿಗೂ ಮುಖ ಮುಚ್ಚುತ್ತಿರಲಿಲ್ಲ. ಅವಳ ಮುಖ ಕಂಡರೆ ಬೇರೆಯವರು ಮುಖ ತಿರುಗಿಸುತ್ತಿದ್ದರು, ಅಪಶಕುನ ಎಂದು. ಮಿಷನ್ನಿನವರು ಪರದೆಯನ್ನು ಹುಡುಕುತ್ತ ಬಂದು ಕೊನೆಗೆ ಹೆಚ್ಚು ಮಾತಾಡಿದ್ದು ಇವಳೊಂದಿಗೆ ಇರಬೇಕು ಎಂದು ನನ್ನ ಊಹೆ. ಮಧ್ಯಾಹ್ನ ಎಲ್ಲರ ಊಟವಾಗಿ, ಗಂಡಸರು ಕಚೇರಿಗೆ ಹೋಗಿ, ಸೊಸೆಯಂದಿರು ಅಡ್ಡಾದಾಗ, ಕೆಲಸವಿಲ್ಲದೆ ಎಚ್ಚರವಾಗಿ ಕೂತಿರುತ್ತಿದ್ದವಳು ಅವಳೊಬ್ಬಳೇ.

ಮನೆಭೇಟಿಯ ಹೊತ್ತೂ ಅದೇ, ಮಧ್ಯಾಹ್ನ. ಬಂದವರಿಗೆ ಚಾಪೆಯನ್ನು ಬೇರೆ ಹಾಸಬೇಕು. ಮನೆಯವರ ಚಾಪೆಯ ಅಂಚು ಅದಕ್ಕೆ ತಾಗಕೂಡದು. ನೀರು ಕೊಡುವಂತಿಲ್ಲ. ಹೋದ ಮೇಲೆ ಆ ಜಾಗ ಸಗಣಿ ಹಾಕಿ ಸಾರಿಸಬೇಕು, ತಾಗಿದವರು ಮೈ ತೊಳೆಯಬೇಕು. ಇಷ್ಟೆಲ್ಲ ಮಾಡಿಯೂ ಮುಂದಿನ ವಾರ ಮತ್ತೆ ಬಾ ಎನ್ನುತ್ತಿದ್ದರು. ಯಾಕೆ? ಹೊಸ ಮುಖ, ಹೊಸ ಮಾತು. ಇನ್ನೊಂದು ಕಾರಣ ಕಾಗದ. ತವರಿನಿಂದ ಬಂದ ಕಾಗದವನ್ನು ಓದಿಸಲು ಮೈದುನನ ಕಾಲು ಹಿಡಿಯಬೇಕಾದವಳಿಗೆ, ತಾನೇ ನಾಲ್ಕಕ್ಷರ ಕಲಿತರೆ ಅವ್ವನಿಗೆ ಗುಟ್ಟಾಗಿ ಎರಡು ಸಾಲು ಬರೆಯಬಹುದಲ್ಲ. ಸುವಾರ್ತೆ ಓದಿಸಲೆಂದು ಕಲಿಸಿದ ಅಕ್ಷರ ಹೀಗೆ ತವರಿನ ದಾರಿ ಹಿಡಿದಾಗ ಯಾವ ಪಾದ್ರಿ ತಡೆದಾನು.

ಧಾರವಾಡದಲ್ಲಿ ಅಕ್ಷರ ಎಂದರೆ ಯಾವ ಅಕ್ಷರ ಎಂಬ ಪ್ರಶ್ನೆಯೂ ಇತ್ತು. ಸೀಮೆಯ ಹೆಸರೇ ದಕ್ಷಿಣ ಮರಾಠ. ಕಚೇರಿ, ಶಾಲೆ, ಲೆಕ್ಕಪತ್ರ ಎಲ್ಲ ಮರಾಠಿ. ಓದಿದ ಗಂಡಸು ಮರಾಠಿಯ ಮೋಡಿ ಲಿಪಿಯಲ್ಲಿ ಗೀಚುತ್ತಿದ್ದ. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೋರಾಡಿದ್ದು, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಒಳಮನೆಯಲ್ಲಿ ಮಾತ್ರ ಬೀಸುವ ಪದ, ಜೋಗುಳ, ಬೈಗುಳ ಬಹಳ ಮನೆಗಳಲ್ಲಿ ಕನ್ನಡವೇ. ಹಾಗಾಗಿ ಒಳಗೆ ಹೋಗುವವರು ಕನ್ನಡ ಕಲಿಯದೆ ಗತಿ ಇರಲಿಲ್ಲ. ಬಾಸೆಲ್ಲಿನವರು ಅದನ್ನು ಬೇಗ ತಿಳಿದರು. ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ. ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಪದ್ಯವಾಗಿ ಕಟ್ಟಿದ. ಹಾಡಿದರೆ ಕೇಳುತ್ತಾರೆ, ಓದಿದರೆ ಏಳುತ್ತಾರೆ ಎಂಬುದು ಪುರಾಣ ಹೇಳುವ ನಮ್ಮ ಶಾಸ್ತ್ರಿಗಳಿಗೆ ಎಂದೋ ಗೊತ್ತಿದ್ದ ಗುಟ್ಟು.

ಸೂಜಿಯ ಕಥೆ ನಮ್ಮಲ್ಲಿ ಸ್ವಲ್ಪ ಬೇರೆಯಾಯಿತು. ಕ್ರೋಶಾ, ಲೇಸು, ಉಲ್ಲನ್ ಹೆಣಿಕೆ ಹಿಡಿದು ಬಂದ ದೊರೆಸಾನಿ ಕಾಲಿಟ್ಟಿದ್ದು ಕಸೂತಿಯ ಸೀಮೆಗೆ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಒಂದು ಚಂದ್ರಕಾಳಿ ಸೀರೆ ಈಗ ನನ್ನ ಹತ್ತಿರ ಇದೆ. ಕಾಡಿಗೆಗಪ್ಪು ಬಣ್ಣ, ಸೆರಗಿನ ಹತ್ತಿರ ತುಳಸಿಕಟ್ಟೆ, ತೇರು, ಅಂಬಾರಿ ಹೊತ್ತ ಆನೆ, ಒಂದು ತೊಟ್ಟಿಲು. ನಕ್ಷೆಯನ್ನು ಬರೆದುಕೊಂಡು ಹಾಕಿದ್ದಲ್ಲ, ಬಟ್ಟೆಯ ಎಳೆ ಎಣಿಸುತ್ತ ಹಾಕಿದ್ದು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಮುಂದೆ ಹೋಗುತ್ತದೆ, ಬಿಟ್ಟದ್ದನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡರಲ್ಲೂ ಗಂಟು ಹಾಕುವಂತಿಲ್ಲ, ಸೀರೆ ತಿರುಗಿಸಿದರೆ ಹಿಂದೆಯೂ ಅದೇ ಆನೆ, ಅದೇ ತೇರು. ನಾನು ಒಮ್ಮೆ ಕೂತು ತೊಟ್ಟಿಲಿನ ಎಳೆ ಎಣಿಸಲು ಹೋಗಿ ಇನ್ನೂರು ದಾಟುವುದರೊಳಗೆ ದಾರಿ ತಪ್ಪಿದೆ. ಇಂಥ ಕೈಗಳಿಗೆ ಹೊಲಿಗೆ ಕಲಿಸಲು ಯಾರೋ ಏಳು ಸಮುದ್ರ ದಾಟಿ ಬಂದರಲ್ಲ!

ಆದರೂ ಕಲಿತರು. ಹೊಸ ನಮೂನೆಯ ಆಸೆ ಯಾರಿಗಿಲ್ಲ. ಧಾರವಾಡದ ಹಳೆಯ ಮನೆಗಳ ತೋರಣ, ಚೌರಂಗದ ಹಾಸು, ದೇವರ ಮುಂದಿನ ಲೇಸಿನ ಬಟ್ಟೆ ನೋಡಿದರೆ ಕ್ರೋಶಾ ಎಷ್ಟು ಒಳಗೆ ಹೋಯಿತೆಂದು ತಿಳಿಯುತ್ತದೆ. ಗಣಪತಿಯ ಪೀಠಕ್ಕೆ ಜರ್ಮನ್ ಲೇಸು. ತಂದವರು ಬಯಸಿದ್ದು ಇದನ್ನಲ್ಲ.

ಈಗ ಆ ಗಂಟು ಹಿಡಿದವಳ ವಿಷಯ. ಮಿಷನ್ನಿನವರ ಮಾತಿನಲ್ಲಿ ಅವಳು ಬೈಬಲ್ ಹೆಂಗಸು. ಬೈಬಲ್ ಹೆಂಗಸು ಎಂಬ ಕಲ್ಪನೆಯೇ ಲಂಡನ್ನಿನ ಕೊಳೆಗೇರಿಯದು; 1857ರಲ್ಲಿ ಎಲೆನ್ ರ‍್ಯಾನ್ಯಾರ್ಡ್ ಎಂಬಾಕೆ ಬಡವರ ಮನೆಗೆ ಬಡ ಹೆಂಗಸನ್ನೇ ಕಳಿಸಿದರೆ ಮಾತು ನಾಟುತ್ತದೆ ಎಂದು ಆರಂಭಿಸಿದ್ದು. ಇಂಡಿಯಾಕ್ಕೆ ಬರುವಾಗ ಅದು ತಲೆಕೆಳಗಾಯಿತು. ಇಲ್ಲಿ ಬಡ ಹೆಂಗಸು ದೊಡ್ಡವರ ಮನೆಗೆ ಹೋಗಬೇಕಾಯಿತು. ಹಾಗೆ ಹೋದವರು ಕ್ರೈಸ್ತರಾದ ನಮ್ಮವರೇ: ಗಂಡನಿಲ್ಲದವರು, ನೇಕಾರರ ಮನೆಯವರು, ಬರಗಾಲದ ಮಕ್ಕಳು. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರದ ಬರ ಈ ಸೀಮೆಯನ್ನು ಸುಟ್ಟುಹಾಕಿತ್ತು. ತಂದೆತಾಯಿ ಇಲ್ಲದ ಮಕ್ಕಳನ್ನು ಮಿಷನ್ನು ತನ್ನ ಅನಾಥಾಲಯಗಳಿಗೆ ಸೇರಿಸಿಕೊಂಡಿತು. ಅಲ್ಲಿ ಓದು, ಹೊಲಿಗೆ ಕಲಿತ ಹುಡುಗಿಗೆ ಮುಂದೆ ಇದ್ದ ದಾರಿಗಳು ಎರಡು ಮೂರು. ಅದರಲ್ಲಿ ಇದೊಂದು.

ತಿಂಗಳಿಗೆ ಸಣ್ಣ ಸಂಬಳ. ಕಾಲ್ನಡಿಗೆ. ದೊರೆಸಾನಿಗೆ ಜ್ವರ ಬಂದರೆ, ಹೆರಿಗೆಗೆ ಕೂತರೆ, ಊರಿಗೆ ಹೋದರೆ ಎಲ್ಲ ಮನೆಗಳೂ ಇವಳ ಪಾಲು. ದೊರೆಸಾನಿಯ ಕನ್ನಡ ಅರ್ಥವಾಗದಿದ್ದಾಗ ಬಿಡಿಸಿ ಹೇಳುವವಳು ಇವಳೇ. ಯಾವ ಜಾತಿಯವಳೆಂದು ಬಾಗಿಲಲ್ಲೇ ಕೇಳುತ್ತಿದ್ದರು. ಬೇರೆ ದಿನವಾಗಿದ್ದರೆ ಅದೇ ದಿಡ್ಡಿಯ ಹೊರಗೆ ನಿಲ್ಲಬೇಕಿದ್ದವಳು, ಕೈಯಲ್ಲಿ ಪುಸ್ತಕ ಇದ್ದುದರಿಂದ ಒಳಗೆ ಬಂದು ಚಾಪೆಯ ಮೇಲೆ ಕೂರುತ್ತಿದ್ದಳು, ವಾಡೆಯ ಸೊಸೆ ಎದುರಿಗೆ ಕೂತು ‘ಅ ಆ’ ತಿದ್ದುತ್ತಿದ್ದಳು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ನಿಜವಾಗಿ ಹೊಸದು ಎನ್ನುವಂಥದು ಇದೇ. ಮ್ಯಾಳಿಗೆಯ ಮೇಲಿನವರಿಗೆ ಕೇರಿಯವಳು ಗುರುವಾದದ್ದು. ಮಿಷನ್ನಿನ ವರದಿಗಳಲ್ಲಿ ಆ ದೊರೆಸಾನಿಯರ ಹೆಸರು, ಊರು, ಹುಟ್ಟಿದ ದಿನ, ಸತ್ತ ದಿನ ಎಲ್ಲ ಇರುತ್ತವೆ. ಇವಳು ಸಾಮಾನ್ಯವಾಗಿ ಒಂದು ಅಂಕಿ.

ಜಗಳಗಳೂ ಆದವು. ಓದು ಬೇಕು, ಹೊಲಿಗೆ ಬೇಕು, ಬೈಬಲ್ ಬೇಡ ಎನ್ನುವ ಗಂಡಸರು ಎಲ್ಲ ಊರಿನಲ್ಲೂ ಇದ್ದರು. ಒಳಗಿನ ಹೆಣ್ಣೊಬ್ಬಳು ದೀಕ್ಷಾಸ್ನಾನ ಬೇಕು ಎಂದುಬಿಟ್ಟರೆ ಇಡೀ ಓಣಿಯ ಬಾಗಿಲು ಮುಚ್ಚುತ್ತಿತ್ತು. ಆಮೇಲೆ ಆ ಹೆಣ್ಣು ಎಲ್ಲಿ ಇರಬೇಕು? ಮನೆಯಲ್ಲಿದ್ದು ಮನಸ್ಸಿನಲ್ಲಿ ನಂಬಿದರೆ ಸಾಕು ಎಂದರೆ ಮಿಷನ್ನಿಗೆ ಲೆಕ್ಕ ಸಿಗದು. ಮನೆ ಬಿಟ್ಟು ಬಾ ಎಂದರೆ ಹೆಣ್ಣನ್ನು ಹಾರಿಸಿಕೊಂಡು ಹೋದರೆಂಬ ಅಪವಾದ. ಈ ಗಂಟು ದೊಡ್ಡದಾಗಿ ಸಿಡಿದದ್ದು ಪುಣೆಯಲ್ಲಿ. ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸಮಾಜದ ವಿರೋಧ ಕಟ್ಟಿಕೊಂಡು ಕಾಡು ಸೇರಿದ್ದ. ರಮಾಬಾಯಿ ವಿಧವೆಯಾಗಿ, 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾಗಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು, ಮುಂದೆ ಅದು ಪುಣೆಗೆ ಹೋಯಿತು. ಹುಡುಗಿಯರು ಅವಳ ಪ್ರಾರ್ಥನೆಗೆ ಕೂರುತ್ತಾರೆಂದು ತಿಳಿದಾಗ ಟಿಳಕರ ‘ಕೇಸರಿ’ ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ರಾನಡೆ, ಭಾಂಡಾರಕರ ಅವರಂಥ ಸುಧಾರಕರೂ ಸಲಹಾ ಮಂಡಳಿ ಬಿಟ್ಟರು. ಧಾರವಾಡದ ಓದಿದ ಮನೆಗಳಲ್ಲಿ ‘ಕೇಸರಿ’ ಬೆಳಗಿನ ಚಹಾದಷ್ಟೇ ಖಾಯಂ. ಪುಣೆಯಲ್ಲಿ ಬಿದ್ದ ಮಳೆಗೆ ಇಲ್ಲಿಯ ಹಳ್ಳ ತುಂಬಿ ಹರಿಯುತ್ತಿದ್ದ ಕಾಲ ಅದು.

ಸೂಜಿ, ಪುಸ್ತಕದ ಜೊತೆ ಮೂರನೆಯದಾಗಿ ಒಳಗೆ ಹೋದದ್ದು ಔಷಧದ ಬಾಟಲಿ, ಮತ್ತು ಅದೇ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತು. ಎಲಿಜಬೆತ್ ಬೀಲ್ಬಿ ಎಂಬ ಜನಾನಾ ಮಿಷನ್ನಿನ ಹೆಂಗಸು ಲಖನೌದಲ್ಲಿದ್ದಳು. 1881ರಲ್ಲಿ ಪನ್ನಾ ಸಂಸ್ಥಾನದ ಮಹಾರಾಣಿಯ ಕಾಯಿಲೆ ನೋಡಲು ಅವಳನ್ನು ಕರೆಸಿದರು. ಬೀಲ್ಬಿ ಇಂಗ್ಲೆಂಡಿಗೆ ಹೊರಟಾಗ ರಾಣಿ, ಸಣ್ಣಕ್ಷರದಲ್ಲಿ ಬರಿ, ಲಾಕೆಟ್ಟಿನೊಳಗೆ ಹಿಡಿಸಬೇಕು ಎಂದು ಹೇಳಿ ವಿಕ್ಟೋರಿಯಾ ರಾಣಿಗೆ ಒಂದು ಕಾಗದ ಬರೆಸಿದಳು: ನಮ್ಮ ಹೆಂಗಸರು ರೋಗದಿಂದ ನರಳುತ್ತಾರೆ, ಹೆಣ್ಣು ವೈದ್ಯರನ್ನು ಕಳಿಸು ಎಂದು. ಕಾಗದ ಅರಮನೆ ಮುಟ್ಟಿತು. 1885ರಲ್ಲಿ ವೈಸರಾಯನ ಹೆಂಡತಿ ಲೇಡಿ ಡಫರಿನ್ ಹೆಸರಿನ ನಿಧಿ ಹುಟ್ಟಿತು. ಅದೇ ವರ್ಷ ಮದರಾಸಿನಲ್ಲಿ ಮೇರಿ ಶಾರ್ಲೀಬ್ ತೆರೆದ ಆಸ್ಪತ್ರೆಯ ಹೆಸರಿನಲ್ಲೇ ‘ಜಾತಿಸ್ಥ ಮತ್ತು ಗೋಷಾ ಹೆಂಗಸರು’ ಎಂದಿತ್ತು. ಬೆಂಗಳೂರಿನವರಿಗೂ ಶಿವಾಜಿನಗರದ ಗೋಷಾ ಆಸ್ಪತ್ರೆ ಗೊತ್ತಿದ್ದದ್ದೇ.

ನಮ್ಮ ಕಡೆ ಹೆಣ್ಣಿನ ಜೀವ ಹೋಗುತ್ತಿದ್ದದ್ದು ಬಾಣಂತಿ ಖೋಲಿಯಲ್ಲಿ. ಗಾಳಿ ಆಡದ ಕೋಣೆ, ಹೊರಸಿನ ಕೆಳಗೆ ಕೆಂಡ, ಮೂಲೆಯಲ್ಲಿ ಲೋಬಾನದ ಹೊಗೆ, ಹೊಕ್ಕುಳಬಳ್ಳಿ ಕೊಯ್ಯಲು ಕೈಗೆ ಸಿಕ್ಕ ಕುಡುಗೋಲು. ಸೂಲಗಿತ್ತಿಯ ಅನುಭವ ದೊಡ್ಡದು, ಸುಸೂತ್ರ ಹೆರಿಗೆಗೆ ಅವಳ ಕೈ ಸಾಕಿತ್ತು. ಕೂಸು ಅಡ್ಡ ತಿರುಗಿದರೆ ದೇವರೇ ಗತಿ. ಗಂಡು ಡಾಕ್ಟರು ಒಳಗೆ ಬರುವಂತಿಲ್ಲ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನ ಆಸ್ಪತ್ರೆ ಎದ್ದ ಮೇಲೆ ಸುತ್ತಿನ ಹಳ್ಳಿಗಳಿಂದ ಬಂಡಿಗೆ ಕೊಲ್ಲಾರಿ ಕಟ್ಟಿ, ಸುತ್ತ ಜಮಖಾನೆ ಇಳಿಬಿಟ್ಟು ಬಸುರಿಯರನ್ನು ಕರೆತರುವ ರೂಢಿ ಬಿತ್ತು. ಗೋಷಾ ಮನೆಯಿಂದ ಹೊರಗೆ ಬಂತು, ಜಮಖಾನೆಯ ಜೊತೆಗೇ. ಜರ್ಮನ್ ದವಾಖಾನಿ ಎಂಬ ಹೆಸರು ಜರ್ಮನರು ಹೋಗಿ ಎಷ್ಟೋ ಕಾಲವಾದ ಮೇಲೂ ಊರಿನ ಬಾಯಲ್ಲಿ ಉಳಿದಿದೆ.

ಅವರು ಹೋದದ್ದು ಮೊದಲ ಮಹಾಯುದ್ಧದಲ್ಲಿ. 1914ರಲ್ಲಿ ಜರ್ಮನಿ ಶತ್ರುದೇಶವಾಯಿತು. ಪಾದ್ರಿಗಳನ್ನು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿದರು, 1915ರ ಕೊನೆಗೆ ‘ಗೋಲ್ಕೊಂಡ’ ಹಡಗು ಹತ್ತಿಸಿ ಹೆಂಗಸರು ಮಕ್ಕಳೊಡನೆ ಸಾಗಹಾಕಿದರು. ಎಂಬತ್ತು ವರ್ಷ ಕಟ್ಟಿದ್ದನ್ನು ನೋಡಿಕೊಳ್ಳಲು ಉಳಿದವರು ಬೆರಳೆಣಿಕೆಯ ಸ್ವಿಸ್ ಜನ, ಮತ್ತು ಸ್ಥಳೀಯರು. ಮನೆಭೇಟಿಯ ಮಟ್ಟಿಗೆ ಹೆಚ್ಚಿನ ವ್ಯತ್ಯಾಸವಾಗಿರಲಿಕ್ಕಿಲ್ಲ. ಗಂಟು ಹೊರುತ್ತಿದ್ದವಳೇ ಇನ್ನೂ ಹೊರುತ್ತಿದ್ದಳು.

ಅಷ್ಟರಲ್ಲಿ ಆ ಕೆಲಸವನ್ನು ಬೇರೆಯವರು ತಮ್ಮದು ಮಾಡಿಕೊಂಡಿದ್ದರು. 1923ರಲ್ಲಿ ಗಂಡನನ್ನು ಕಳೆದುಕೊಂಡ ಉಮಾಬಾಯಿ ಕುಂದಾಪುರ ಮೂಲೆ ಹಿಡಿಯಲಿಲ್ಲ. ಮಾವ ಆನಂದರಾವ್ ಅವರ ಬೆಂಬಲದಿಂದ ಹುಬ್ಬಳ್ಳಿಯಲ್ಲಿ ತಿಲಕ ಕನ್ಯಾಶಾಲೆ ನಡೆಸಿದರು, ಹರ್ಡೀಕರರು ಕಟ್ಟಿದ ಕಾಂಗ್ರೆಸ್ ಸ್ವಯಂಸೇವಕರ ಸೇವಾದಳದ ಮಹಿಳಾ ವಿಭಾಗ ಕಟ್ಟಿದರು, ಭಗಿನಿ ಮಂಡಲದ ಹೆಂಗಸರನ್ನು ಕೂಡಿಸಿದರು. ಧಾರವಾಡದಲ್ಲಿ 1928ರಲ್ಲಿ ಭಾಗೀರಥಿಬಾಯಿ ಪುರಾಣಿಕರು ವನಿತಾ ಸೇವಾ ಸಮಾಜ ಕಟ್ಟಿದರು. ಬಾಲವಿಧವೆಯರು, ಗಂಡ ಬಿಟ್ಟವರು ಅಲ್ಲಿ ಓದಿ, ಹೊಲಿದು, ಟೀಚರುಗಳಾಗಿ ಹೊರಬಿದ್ದರು. ಸೂಜಿ, ಪುಸ್ತಕ, ಹಾಡು: ಉಪಾಯ ಹಳೆಯದೇ. ಬೈಬಲ್ಲಿನ ಜಾಗದಲ್ಲಿ ಚರಕ ಇತ್ತು. ಮತಾಂತರದ ಭಯ ಇಲ್ಲದ್ದರಿಂದ ಮಿಷನ್ನಿಗೆ ತೆರೆಯದ ಬಾಗಿಲುಗಳೂ ಇವರಿಗೆ ತೆರೆದವು.

ಸ್ವಾತಂತ್ರ್ಯದ ಮೇಲಿನ ಕಥೆ ಚಿಕ್ಕದು. ಹೆಣ್ಣುಮಕ್ಕಳು ಶಾಲೆಗೆ, ಕಾಲೇಜಿಗೆ ತಾವೇ ನಡೆದುಹೋಗತೊಡಗಿದ ಮೇಲೆ ಮನೆಗೆ ಬಂದು ಕಲಿಸುವವರ ಕೆಲಸ ತಾನಾಗಿ ಕರಗಿತು. ಆದರೆ ‘ಹೆಣ್ಣಿನ ಬಳಿಗೆ ಧರ್ಮ ಒಯ್ಯುವುದು’ ಎಂಬ ವ್ಯಾಜ್ಯ ಕರಗಲಿಲ್ಲ. ಅದು 2022ರಲ್ಲಿ ನಮ್ಮ ರಾಜ್ಯದ ಕಾಯ್ದೆಯ ಪುಟಕ್ಕೇ ಬಂತು. ಜನ ಮತಾಂತರ ನಿಷೇಧ ಕಾಯ್ದೆ ಎಂದು ಕರೆಯುವ ಆ ಕಾನೂನಿನಲ್ಲಿ ಬಲವಂತ, ಆಮಿಷದ ಮತಾಂತರಕ್ಕೆ ಸಾಮಾನ್ಯವಾಗಿ 3ರಿಂದ 5 ವರ್ಷ ಶಿಕ್ಷೆ; ಮತಾಂತರಗೊಂಡವರು ಅಪ್ರಾಪ್ತರೋ, ಬುದ್ಧಿ ಸ್ವಾಧೀನದಲ್ಲಿಲ್ಲದವರೋ, ಪರಿಶಿಷ್ಟ ಜಾತಿ ಪಂಗಡದವರೋ, ಅಥವಾ ಮಹಿಳೆಯೋ ಆಗಿದ್ದರೆ 10 ವರ್ಷದವರೆಗೆ. 2023ರ ಜೂನಿನಲ್ಲಿ ಹೊಸ ಸರಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಬೇರೆ. ನನಗೆ ಚುಚ್ಚಿದ್ದು ಆ ಪಟ್ಟಿ. ಮಗು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಹೆಂಗಸು. ಲಂಡನ್ನಿನ ಚಂದಾ ಪತ್ರಿಕೆಗೂ ಬೆಂಗಳೂರಿನ ಶಾಸನಕ್ಕೂ ನೂರನಲವತ್ತು ವರ್ಷದ ಅಂತರ, ಎರಡು ವಿರುದ್ಧ ಉದ್ದೇಶ. ಎರಡೂ ಕಂಡದ್ದು ಮಾತ್ರ ಮೂಲೆಯಲ್ಲಿ ಕೂತ, ತನ್ನ ಮನಸ್ಸು ತಾನು ಅರಿಯದ ಒಬ್ಬಳನ್ನು.

ಕಳೆದ ಬೇಸಿಗೆಯಲ್ಲಿ ವಾಡೆಗೆ ಹೋಗಿದ್ದೆ. ಅರ್ಧ ಬಿದ್ದಿದೆ. ದಿಡ್ಡಿ ಬಾಗಿಲಿಗೆ ಒಳಗಿನಿಂದ ಶೇಂಗಾ ಚೀಲ ಒಟ್ಟಿದ್ದಾರೆ, ಅದನ್ನು ತೆರೆಯದೆ ವರ್ಷಗಳಾಗಿರಬೇಕು. ಮಧ್ಯಾಹ್ನ ಎರಡರ ಹೊತ್ತು. ಪಡಸಾಲೆಯಲ್ಲಿ ಕಾಕಾ ನಿದ್ದೆಯಲ್ಲಿದ್ದ. ಅಡಿಗೆಮನೆಯಲ್ಲಿ ಕಿರಿಯ ಸೊಸೆ ಗೋಡೆಗೆ ಒರಗಿ ಕೂತು ಹುಳ್ಳಿಕಾಳು ಹಸನು ಮಾಡುತ್ತಿದ್ದಳು. ಒಂದು ಕಿವಿಯಲ್ಲಿ ಇಯರ್‌ಫೋನ್, ತಂತಿ ಸೆರಗಿನ ಒಳಗೆ. ಯಾರದೋ ಮಾತು ಕೇಳುತ್ತ ನಡುನಡುವೆ ತಲೆದೂಗುತ್ತಿದ್ದಳು. ಪ್ರವಚನವೋ, ಪ್ರಾರ್ಥನೆಯೋ, ಧಾರಾವಾಹಿಯೋ. ನನ್ನನ್ನು ಕಂಡು “ಬರ‍್ರಿ ಅಕ್ಕಾ, ಕೂಡ್ರಿ” ಎಂದು ಮೊರ ಸರಿಸಿದಳು, ಕಿವಿಯಿಂದ ಅದನ್ನು ತೆಗೆಯಲಿಲ್ಲ. ಏನು ಕೇಳಾಕತ್ತಿ ಎಂದು ಅವಳ ಅತ್ತೆ ಕೇಳಲಿಲ್ಲ. ನಾನೂ ಕೇಳಲಿಲ್ಲ.